ಸತ್ತ ಮೇಲೆ ಹೆಪ್ಪುಗಟ್ಟಿಸಿಟ್ಟ ದೇಹ ಮತ್ತೆ ಏಳುತ್ತಾ?

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ. ವಿದೇಶದ ವಿಜ್ಞಾನ ಪತ್ರಿಕೆಯೊಂದು ಸ್ಪರ್ಧೆಯಲ್ಲಿ ಗೆದ್ದವರ ದೇಹವನ್ನು ಸತ್ತ ಮೇಲೆ ಹೆಪ್ಪುಗಟ್ಟಿಸಿ ಇಡುವ ಬಹುಮಾನ ಕೊಟ್ಟಿತ್ತಂತೆ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೂ ಇದನ್ನೇ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಇದೆಲ್ಲ ನಿಜವಾ? ಅಂಥವರು ಮತ್ತೆ ಬದುಕುತ್ತಾರಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬಹುಮಾನದ ಸುದ್ದಿ ನಿಜ. 2002ರಲ್ಲಿ ಬ್ರಿಟನ್ನಿನ 'ನ್ಯೂ ಸೈಂಟಿಸ್ಟ್' ಪತ್ರಿಕೆ ಅದನ್ನು ಘೋಷಿಸಿತ್ತು. ದೇಹ ಇಡಬೇಕಿದ್ದದ್ದು ಅಮೆರಿಕದ ಮಿಷಿಗನ್‌ನಲ್ಲಿರುವ ಕ್ರಯಾನಿಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ. ಆದರೆ ಹೀಗೆ ಇಟ್ಟವರಲ್ಲಿ ಒಬ್ಬರೂ ಈವರೆಗೆ ಎದ್ದು ಬಂದಿಲ್ಲ. ಮೊದಲಿಗರಾದ ಜೇಮ್ಸ್ ಬೆಡ್‌ಫೋರ್ಡ್ ತೀರಿಕೊಂಡದ್ದು 1967ರಲ್ಲಿ. ಅವರ ದೇಹ ಈಗಲೂ ದ್ರವ ಸಾರಜನಕದಲ್ಲಿದೆ, ಮೈನಸ್ 196 ಡಿಗ್ರಿಯಲ್ಲಿ.

ತಂಪು ಮಾಡುವುದು ಕಷ್ಟವಲ್ಲ. ಕಷ್ಟವಿರುವುದು ಮಂಜುಗಡ್ಡೆಯ ಹರಳುಗಳಲ್ಲಿ. ಮಲ್ಪೆಯವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ಬಂದರಿನ ದಕ್ಕೆಯಿಂದ ಆಗ ತಂದ ಬಂಗುಡೆ ಮೀನು ಗಟ್ಟಿ ಇರುತ್ತದೆ. ಅದನ್ನೇ ಮನೆಯ ಫ್ರೀಜರಿನಲ್ಲಿಟ್ಟು ಹೊರಗೆ ತೆಗೆದರೆ ತಟ್ಟೆ ತುಂಬ ನೀರು, ಮಾಂಸ ಮೆತ್ತಗೆ. ಹರಳುಗಳು ಜೀವಕೋಶಗಳನ್ನು ಹಾಳು ಮಾಡಿರುತ್ತವೆ. ಮನುಷ್ಯನ ಮಿದುಳಿಗೆ ಹಾಗಾದರೆ ನೆನಪು ಉಳಿಯುವುದಾದರೂ ಎಲ್ಲಿ?

ಹರಳೇ ಆಗದಂತೆ, ರಾಸಾಯನಿಕ ಸೇರಿಸಿ ಗಾಜಿನ ಹಾಗೆ ಗಟ್ಟಿ ಮಾಡುವ ವಿಧಾನವೂ ಇದೆ. ಭ್ರೂಣಗಳನ್ನು ಹೀಗೆ ಕಾಪಾಡಿಡುವುದು ಈಗ ಸಾಮಾನ್ಯ. ದೊಡ್ಡ ಅಂಗಗಳಲ್ಲಿ ಸಮಸ್ಯೆ ಬರುವುದು ವಾಪಸ್ ಬೆಚ್ಚಗೆ ಮಾಡುವಾಗ. ಎಲ್ಲ ಕಡೆ ಒಂದೇ ಸಮ, ತುಂಬಾ ಬೇಗ ಬಿಸಿಯಾಗಬೇಕು. ಇಲ್ಲದಿದ್ದರೆ ಬಿರುಕು ಬಿಡುತ್ತದೆ, ಹರಳೂ ಕಟ್ಟುತ್ತದೆ. 2023ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದವರು 100 ದಿನದವರೆಗೆ ಹೀಗೆ ಇಟ್ಟಿದ್ದ ಇಲಿಯ ಮೂತ್ರಪಿಂಡಕ್ಕೆ ಕಬ್ಬಿಣದ ಸೂಕ್ಷ್ಮ ಕಣಗಳ ಮೂಲಕ ಶಾಖ ಕೊಟ್ಟರು. ಬೇರೆ ಇಲಿಗೆ ಕಸಿ ಮಾಡಿದಾಗ ಅದು ಕೆಲಸ ಮಾಡಿತು! ಅಂಗಕ್ಕಾಗಿ ಕಾಯುತ್ತಿರುವ ರೋಗಿಗಳ ದೃಷ್ಟಿಯಿಂದ ನನಗೆ ದೊಡ್ಡ ಸುದ್ದಿ ಇದೇ.

ಬಹುಮಾನಗಳಲ್ಲಿ ನಾನು ಮೆಚ್ಚುವುದು, ಮಿದುಳನ್ನು ಕೆಡದಂತೆ ಕಾಪಾಡಿಡುವ ವಿಧಾನಗಳಿಗೆ ಬ್ರೇನ್ ಪ್ರಿಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ ಕೊಟ್ಟದ್ದು. ಅಲ್ಲಿ ಸುಮ್ನೆ ಮಾತಾಡಿದರೆ ನಡೆಯುವುದಿಲ್ಲ. ನರಗಳ ಜೋಡಣೆ ಉಳಿದಿದೆ ಅಂತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಲೇಬೇಕು. 2016ರಲ್ಲಿ ಮೊಲದ, 2018ರಲ್ಲಿ ಹಂದಿಯ ಮಿದುಳಿಗೆ ಬಹುಮಾನ ಸಿಕ್ಕಿತು. ಆದರೆ ಆ ವಿಧಾನದಲ್ಲಿ ಬಳಸುವ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಕೋಶಗಳನ್ನು ಕೊಂದೇ ಬಿಡುತ್ತದೆ. ಉಳಿಯುವುದು ರಚನೆ, ಜೀವವಲ್ಲ.

ಮಗನನ್ನು ತಡೆಯಬೇಡಿ, ವಿಷಯ ಚೆನ್ನಾಗಿದೆ. ಬೀಟ್‌ರೂಟಿನ ಎರಡು ಹೋಳು ತೆಗೆದುಕೊಳ್ಳಲಿ. ಒಂದನ್ನು ರಾತ್ರಿ ಫ್ರೀಜರಿನಲ್ಲಿ, ಇನ್ನೊಂದನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡಲಿ. ಬೆಳಿಗ್ಗೆ ಎರಡನ್ನೂ ತೊಳೆದು ಬೇರೆ ಬೇರೆ ಲೋಟದ ನೀರಿಗೆ ಹಾಕಲಿ. ಯಾವ ನೀರು ಬೇಗ ಕೆಂಪಾಗುತ್ತದೆ, ಯಾಕೆ ಅಂತ ಅವನೇ ಬರೆಯಲಿ.