ಕರುಳಿಗೆ ವೈರಸ್ ಹೊಕ್ಕಾಗ ಟಿ ಕೋಶಗಳು ಏನು ಮಾಡುತ್ತವೆ?

ಸೋಮವಾರಪೇಟೆಯ ತಾಯಿಯೊಬ್ಬರ ಪ್ರಶ್ನೆ: ಕಾಫಿ ಕೊಯ್ಲಿನ ಹೊತ್ತಲ್ಲಿ ಮಗುವಿಗೆ ರೋಟಾವೈರಸ್ ಭೇದಿ ಆಗಿತ್ತು. ಮತ್ತೆ ಬರುತ್ತಾ? ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ತಡೆಯುವುದಿಲ್ಲವಾ?

ಮತ್ತೆ ಬರಬಹುದು, ಆದರೆ ಸಾಮಾನ್ಯವಾಗಿ ಮೊದಲ ಸಲದಷ್ಟು ಜೋರಾಗಿರುವುದಿಲ್ಲ. ಕೊಡಗಿನಲ್ಲಿ ಭೇದಿ ಅಂದ್ರೆ ಮಳೆಗಾಲದ ಕಾಯಿಲೆ ಅಂದುಕೊಳ್ಳುತ್ತೇವೆ, ಅಲ್ವಾ? ರೋಟಾವೈರಸ್ ನಮ್ಮ ದೇಶದಲ್ಲಿ ಚಳಿಗಾಲದಲ್ಲೇ ಜಾಸ್ತಿ.

ವೈರಸ್ ಸಣ್ಣ ಕರುಳಿನ ಒಳಪದರದ ಜೀವಕೋಶಗಳಿಗೆ ನುಗ್ಗುತ್ತದೆ. ಅಲ್ಲಿ ಕಾವಲು ಕಾಯುವ ಡೆಂಡ್ರಿಟಿಕ್ ಕೋಶಗಳು ವೈರಸ್ಸಿನ ತುಣುಕುಗಳನ್ನು ಹತ್ತಿರದ ದುಗ್ಧಗ್ರಂಥಿಗೆ (ರೋಗನಿರೋಧಕ ಕೋಶಗಳು ಸೇರುವ ಲಿಂಫ್ ಗಂಟು) ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಆ ತುಣುಕನ್ನು ಗುರುತಿಸುವ ಟಿ ಕೋಶ ಎಚ್ಚೆತ್ತು ಮರಿ ಹಾಕುತ್ತಾ ಹೋಗುತ್ತದೆ. ಇದಕ್ಕೆ ಕೆಲವು ದಿನ ಬೇಕು. ನನಗೆ ತುಂಬಾ ಸೋಜಿಗ ಅನಿಸುವುದು ಮುಂದಿನ ಹೆಜ್ಜೆ. ಡೆಂಡ್ರಿಟಿಕ್ ಕೋಶಗಳು ವಿಟಮಿನ್ ಎ ಇಂದ ರೆಟಿನೋಯಿಕ್ ಆಮ್ಲ ತಯಾರಿಸುತ್ತವೆ. ಅದು ತಾಗಿದ ಟಿ ಕೋಶದ ಮೈಮೇಲೆ ವಿಶೇಷ ಪ್ರೋಟೀನ್‌ಗಳು ಮೂಡುತ್ತವೆ. ಅವುಗಳಿಂದಲೇ ಅದು ರಕ್ತದಲ್ಲಿ ಸುಮ್ನೆ ಅಲೆಯದೆ ಕರುಳಿಗೇ ವಾಪಸ್ ಬರುತ್ತದೆ.

ಬಂದ ಟಿ ಕೋಶಗಳಲ್ಲಿ ಸಿಡಿ8 ಎಂಬ ಬಗೆಯವು ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುತ್ತವೆ. ಸಿಡಿ4 ಎಂಬ ಬಗೆಯವು ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ನೆರವಾಗಿ ಐಜಿಎ ಎಂಬ ಪ್ರತಿಕಾಯ (ವೈರಸ್ಸಿಗೆ ಅಂಟಿ ತಡೆಯುವ ಪ್ರೋಟೀನ್) ಮಾಡಿಸುತ್ತವೆ. ಮತ್ತೆ ಬರುವ ರೋಟಾವೈರಸ್ಸನ್ನು ತಡೆಯುವುದರಲ್ಲಿ ಈ ಐಜಿಎ ಪಾಲು ದೊಡ್ಡದು. ಕೆಲವು ಟಿ ಕೋಶಗಳು ನೆನಪಿನ ಕೋಶಗಳಾಗಿ ಕರುಳಲ್ಲೇ ಉಳಿಯುತ್ತವೆ.

ಇವೆಲ್ಲ ಸಜ್ಜಾಗುವ ತನಕ ಮಗುವಿನ ನೀರಿನಂಶ ಕಾಪಾಡುವುದು ಓಆರ್‌ಎಸ್. ರೋಟಾವೈರಸ್ ಲಸಿಕೆಯ ಹನಿಗಳನ್ನು ಮಗು ಹುಟ್ಟಿದ 6, 10, 14ನೇ ವಾರಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ.