ಕಣ್ಣಿನ ವೈರಸ್ ಸೋಂಕನ್ನು ಮೊಲ, ಇಲಿಗಳಲ್ಲೇ ಯಾಕೆ ನೋಡಬೇಕು?

ಕಾಸರಗೋಡಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ ಎಂದಿದ್ದೀರಿ. ಕಣ್ಣಿನ ವೈರಸ್ ಬಗ್ಗೆ ತಿಳಿಯಲು ಪ್ರಾಣಿಗಳಿಗೆ ಯಾಕೆ ಸೋಂಕು ತಗಲಿಸಬೇಕು, ಲ್ಯಾಬಿನಲ್ಲಿ ಬೆಳೆಸಿದ ಕೋಶ ಸಾಲದೇ ಎಂಬುದು ನಿಮ್ಮ ಪ್ರಶ್ನೆ. ನಾನೂ ಬದಿಯಡ್ಕದ ಕಡೆಯವನೇ. ಕೆಲವು ವರ್ಷ ಇಂಥ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ.

ಎಷ್ಟೋ ಪ್ರಶ್ನೆಗಳಿಗೆ ಕೋಶ ಸಾಕು. ಔಷಧ ವೈರಸ್ಸನ್ನು ತಡೆಯುತ್ತದಾ, ಎಷ್ಟು ಹಾಕಿದರೆ ಕೋಶವೇ ಸಾಯುತ್ತದೆ ಎಂಬುದೆಲ್ಲ ತಟ್ಟೆಯಲ್ಲೇ ಗೊತ್ತಾಗುತ್ತದೆ. ಆದರೆ ಕಣ್ಣಿನಲ್ಲಿ ಹುಣ್ಣು ಮಾಡುವ ಹರ್ಪಿಸ್ ಎಂಬ ವೈರಸ್ಸಿನ ನಿಜವಾದ ಕಾಟ ಅದು ಮತ್ತೆ ಮತ್ತೆ ಬರುವುದು. ಕಣ್ಣಿನ ಹುಣ್ಣು ವಾಸಿಯಾದ ಮೇಲೂ ವೈರಸ್ ಹೋಗುವುದಿಲ್ಲ. ನರದ ದಾರಿ ಹಿಡಿದು ತಲೆಬುರುಡೆಯ ಒಳಗಿರುವ ಟ್ರೈಜೆಮಿನಲ್ ನರಗಂಟಿನಲ್ಲಿ (ಮುಖ, ಕಣ್ಣಿನ ಸ್ಪರ್ಶ ತಿಳಿಸುವ ನರದ ಕೋಶಗಳ ಗುಂಪು) ಅಡಗಿ ಕೂರುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ತಟ್ಟೆಯ ಕೋಶಕ್ಕೆ ಆ ದಾರಿಯೇ ಇಲ್ಲ ಅಲ್ವಾ?

ಇಲ್ಲಿ ಮೊಲಕ್ಕೂ ಇಲಿಗೂ ದೊಡ್ಡ ವ್ಯತ್ಯಾಸವಿದೆ. ಇಲಿಯಲ್ಲಿ ಅಡಗಿದ ವೈರಸ್ ತಾನಾಗಿ ಏಳುವುದು ತೀರಾ ಅಪರೂಪ. ಮೈ ಬಿಸಿ ಮಾಡಿಯೋ ಕಣ್ಣಿಗೆ ಅತಿನೇರಳೆ ಕಿರಣ ಬಿಟ್ಟೋ ಎಬ್ಬಿಸಬೇಕು. ಮೊಲದಲ್ಲಿ ಹಾಗಲ್ಲ, ತಾನಾಗಿಯೇ ಎದ್ದು ಕಣ್ಣೀರಿನಲ್ಲಿ ಕಾಣಿಸಿಕೊಳ್ಳುತ್ತದೆ, ಮನುಷ್ಯರಲ್ಲಿ ಆಗುವ ಹಾಗೆ. ಹಾಗಾಗಿ ಮರುಕಳಿಸುವುದನ್ನು ನೋಡಲು ಮೊಲ ಬೇಕು. ದೇಹದ ರಕ್ಷಣಾ ಕೋಶಗಳೇ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಹೇಗೆ ಹಾಳು ಮಾಡುತ್ತವೆ ಎಂದು ತಿಳಿಯಲು ಇಲಿಯೇ ಒಳ್ಳೆಯದು, ಬೇಕಾದ ಜೀನ್ ತೆಗೆದ ತಳಿಗಳು ಅದರಲ್ಲಿ ಸಿಗುತ್ತವೆ.

ಪರೀಕ್ಷೆ ಹೇಗಿರುತ್ತದೆ ಗೊತ್ತಾ? ಮೊಲವನ್ನು ಟವೆಲಿನಲ್ಲಿ ಸುತ್ತಿ, ಕಣ್ಣಿಗೆ ಫ್ಲೂರೊಸೀನ್ ಎಂಬ ಬಣ್ಣದ ಒಂದು ಹನಿ ಬಿಡುತ್ತೇವೆ. ನೀಲಿ ಬೆಳಕು ಹಿಡಿದರೆ ಹುಣ್ಣಾದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಒಂದು ಗೆರೆ, ಅದಕ್ಕೆ ಕವಲುಗಳು, ಕವಲಿನ ತುದಿಯಲ್ಲಿ ಸಣ್ಣ ಗುಂಡು. ರೋಗಿಗಳ ಕಣ್ಣಿನಲ್ಲಿ ಡಾಕ್ಟರು ನೋಡುವುದೂ ಇದನ್ನೇ.

ಇದರಿಂದ ಸಿಕ್ಕಿದ್ದು ಸಣ್ಣದಲ್ಲ. 1962ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರು ಹರ್ಬರ್ಟ್ ಕೌಫ್‌ಮನ್ ಇಡಾಕ್ಸುರಿಡಿನ್ ಎಂಬ ಔಷಧವನ್ನು ಮೊಲದ ಕಣ್ಣಿನಲ್ಲಿ ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟರು. ಸ್ಟೀರಾಯ್ಡ್ ಹನಿ ಹಾಕಿದರೆ ಈ ಹುಣ್ಣು ಹರಡುತ್ತದೆ ಎಂಬುದೂ ಮೊಲಗಳಲ್ಲಿ ಸ್ಪಷ್ಟವಾಗಿ ಕಂಡಿದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆ ಕಣ್ಣು ಕೆಂಪಾದರೆ ಸೀದಾ ಮೆಡಿಕಲ್ ಶಾಪಿಗೆ ಹೋಗಿ ಯಾವುದೋ ಡ್ರಾಪ್ಸ್ ತರುವವರು ಜಾಸ್ತಿ. ತೋಟದಲ್ಲಿ ಅಡಿಕೆ ಸೋಗೆ ತಾಗಿ ಫಂಗಸ್ ಹತ್ತಿದ ಕಣ್ಣಿಗೂ ಸ್ಟೀರಾಯ್ಡ್ ಅಷ್ಟೇ ಅಪಾಯ. ದಯವಿಟ್ಟು ಮನೆಯವರಿಗೂ ಹೇಳಿ.

ಹಾಗಂತ ಪ್ರಾಣಿ ಹೇಳಿದ್ದೇ ಕೊನೆಯ ಮಾತಲ್ಲ. ಹರ್ಪಿಸ್ ತಡೆಯುವ ಅಸೈಕ್ಲೊವಿರ್ ಮಾತ್ರೆ ದಿನಾ ತಿಂದರೆ ಮರುಕಳಿಸುವುದು ಕಡಿಮೆಯಾಗುತ್ತದಾ ಎಂಬುದು ರೋಗಿಗಳಲ್ಲೇ ತೀರ್ಮಾನವಾಗಬೇಕಿತ್ತು. 1998ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ 12 ತಿಂಗಳಲ್ಲಿ ಮರುಕಳಿಸಿದ್ದು ಮಾತ್ರೆ ತಿಂದವರಲ್ಲಿ ಶೇ. 19, ತಿನ್ನದವರಲ್ಲಿ ಶೇ. 32. ಇನ್ನು ಊರಿಗೆಲ್ಲ ಹರಡುವ ಕೆಂಗಣ್ಣು ಹೆಚ್ಚಾಗಿ ಅಡೆನೊವೈರಸ್ಸಿನದು. ಮನುಷ್ಯರ ಅಡೆನೊವೈರಸ್ ಇಲಿಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ, ಮೊಲದಲ್ಲೂ ಕೆಲವು ಬಗೆಯವು ಮಾತ್ರ. ಅದಕ್ಕೆ ಒಳ್ಳೆಯ ಔಷಧ ಸಿಗದಿರಲು ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಪ್ರಾಣಿಗಳ ಬಗ್ಗೆ ನಿಮಗಿರುವ ಸಂಕಟ ನನಗೂ ಇದೆ. ಭಾರತದಲ್ಲಿ ಸಂಸ್ಥೆಯ ನೈತಿಕ ಸಮಿತಿ ಒಪ್ಪದೆ ಇಂಥ ಪ್ರಯೋಗ ಮಾಡುವಂತಿಲ್ಲ. ಎಷ್ಟು ಪ್ರಾಣಿ, ಯಾಕೆ, ನೋವಿಗೆ ಏನು ಕೊಡುತ್ತೀರಿ ಎಂದು ಬರೆದು ಕೊಡಬೇಕು. ನರದ ಪ್ರಶ್ನೆ ಇಲ್ಲದಿದ್ದರೆ ಕಸಾಯಿಖಾನೆಯಿಂದ ತಂದ ಹಂದಿ ಕಣ್ಣಿನ ಕಾರ್ನಿಯಾವನ್ನೇ ಕೆಲವು ದಿನ ಜೀವಂತ ಇಟ್ಟು ಸೋಂಕು ತಗಲಿಸಿ ನೋಡಬಹುದು. ನೀವು ಮುಂದೆ ಈ ದಾರಿಗೆ ಬರುವುದಾದರೆ ಅಲ್ಲಿಂದಲೇ ಶುರು ಮಾಡಿ.