ಮುಳ್ಳು ಚುಚ್ಚಿದ ಜಾಗ ಬಾತು ಕೀವು ಕಟ್ಟುವುದೇಕೆ?

ಪ್ರಶ್ನೆ: ಬೆರಳಿಗೆ ಮುಳ್ಳು ಚುಚ್ಚಿದ ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪೇರಿ, ಬಿಸಿಯಾಗಿ ಬಾತುಕೊಂಡಿತು, ಎರಡು ದಿನಕ್ಕೆ ಕೀವು ಕಾಣಿಸಿತು. ಹಿಂದೆಂದೂ ಕಾಣದ ರೋಗಾಣುವನ್ನು ದೇಹ ಇಷ್ಟು ಬೇಗ ಗುರುತಿಸುವುದು ಹೇಗೆ? ಕೀವು ಬಂತೆಂದರೆ ದೇಹ ಸೋತಿದೆ ಎಂದು ಅರ್ಥವೇ?

ಉತ್ತರ: ಸೋತಿದೆ ಎಂದಲ್ಲ. ನೀವು ಕಂಡ ಕೆಂಪು, ಬಿಸಿ, ಬಾವುಗಳು ಬಹುಪಾಲು ರೋಗಾಣುವಿನ ಕೆಲಸವಲ್ಲ, ಅದನ್ನು ಎದುರಿಸುತ್ತಿರುವ ನಿಮ್ಮ ದೇಹದ್ದೇ ಕೆಲಸ. ಇದನ್ನು ಉರಿಯೂತ ಎನ್ನುತ್ತೇವೆ. ಹೊಸ ರೋಗಾಣುವೊಂದಕ್ಕೆ ತಕ್ಕ ಪ್ರತಿಕಾಯಗಳನ್ನು (ರೋಗಾಣುವಿಗೆ ಅಂಟಿಕೊಂಡು ತಡೆಯೊಡ್ಡುವ ಪ್ರೋಟೀನುಗಳನ್ನು) ಸಿದ್ಧಪಡಿಸಲು ದೇಹಕ್ಕೆ ಹಲವು ದಿನಗಳು ಬೇಕಾಗುವುದರಿಂದ, ಅಲ್ಲಿಯವರೆಗೆ ಸೋಂಕನ್ನು ತಡೆದು ನಿಲ್ಲಿಸುವ ಹೊಣೆ ಹುಟ್ಟಿನಿಂದಲೇ ಬಂದಿರುವ, ಯಾವುದೇ ಒಂದು ರೋಗಾಣುವಿಗೆ ಮೀಸಲಾಗಿರದ, ಅಂದರೆ 'ನಿರ್ದಿಷ್ಟವಲ್ಲದ', ಈ ರಕ್ಷಣೆಯ ಮೇಲೆ ಬೀಳುತ್ತದೆ.

ಮೊದಲ ತಡೆಯಾದ ಚರ್ಮವನ್ನು ಮುಳ್ಳು ದಾಟಿತು. ಚರ್ಮದಡಿ ಮೊದಲೇ ನೆಲೆಸಿರುವ, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳಿಗೆ ಒಳಬಂದದ್ದು ಇಂಥದೇ ಬ್ಯಾಕ್ಟೀರಿಯಾ ಎಂದು ತಿಳಿಯದಿದ್ದರೂ, ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿದ್ದು ನಮ್ಮ ಕೋಶಗಳಲ್ಲಿ ಇಲ್ಲದ ಅಣುಗಳನ್ನು ಈ ಮ್ಯಾಕ್ರೋಫೇಜ್ ಕೋಶಗಳ ಗ್ರಾಹಕಗಳು (ಅಣುಗಳನ್ನು ಹಿಡಿದು ಗುರುತಿಸುವ ಪ್ರೋಟೀನುಗಳು) ಪತ್ತೆಹಚ್ಚುತ್ತವೆ. ಆದ್ದರಿಂದ 'ನಿರ್ದಿಷ್ಟವಲ್ಲದ' ಎಂಬುದನ್ನು ಕುರುಡು ಎಂದು ಓದಬಾರದು ಎಂಬುದು ನನ್ನ ಕಳಕಳಿಯ ವಿನಂತಿ. ಸುಳಿವು ಸಿಕ್ಕೊಡನೆ ಮ್ಯಾಕ್ರೋಫೇಜ್‌ಗಳು ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತವೆ, ಅಲ್ಲೇ ಇರುವ ಮಾಸ್ಟ್ ಎಂಬ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚು ಹರಿಯುವುದರಿಂದ ಜಾಗ ಕೆಂಪಾಗಿ ಬಿಸಿಯಾಗುತ್ತದೆ, ಅವುಗಳ ಗೋಡೆಯಿಂದ ದ್ರವ ಜಿನುಗುವುದರಿಂದ ಬಾವು ಬರುತ್ತದೆ.

ಅದೇ ಗೋಡೆಯ ಸಂದುಗಳಲ್ಲಿ ನುಸುಳಿ ಬರುವ ಬಿಳಿ ರಕ್ತಕಣಗಳೇ ನ್ಯೂಟ್ರೋಫಿಲ್‌ಗಳು. ವಯಸ್ಕರ ಅಸ್ಥಿಮಜ್ಜೆ (ಮೂಳೆಯೊಳಗಿನ ಮಿದುಭಾಗ) ದಿನವೊಂದಕ್ಕೆ ಸುಮಾರು 10,000 ಕೋಟಿಯಷ್ಟು ನ್ಯೂಟ್ರೋಫಿಲ್‌ಗಳನ್ನು ಉತ್ಪಾದಿಸುತ್ತದೆ. ಇವು ಬ್ಯಾಕ್ಟೀರಿಯಾಗಳನ್ನು ನುಂಗಿ, ಕಿಣ್ವ ಮತ್ತು ತೀಕ್ಷ್ಣ ಆಮ್ಲಜನಕ ಸಂಯುಕ್ತಗಳಿಂದ ಕೊಂದು, ತಾವೂ ಸಾಯುತ್ತವೆ. ಸತ್ತ ನ್ಯೂಟ್ರೋಫಿಲ್‌ಗಳು, ಬ್ಯಾಕ್ಟೀರಿಯಾಗಳು ಮತ್ತು ಅಂಗಾಂಶದ ಚೂರುಗಳು ಸೇರಿದ ದ್ರವವೇ ನೀವು ನೋಡಿದ ಕೀವು.

ಈ ನುಂಗುವ ಕ್ರಿಯೆಯ ಮಹತ್ವ ಹೊಳೆದದ್ದೂ ಮುಳ್ಳಿನಿಂದಲೇ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಅವರು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು, ಮರುದಿನ ಬೆಳಿಗ್ಗೆ ಅದರ ಸುತ್ತ ಅಲೆಮಾರಿ ಕೋಶಗಳು ಮುತ್ತಿಕೊಂಡಿರುವುದನ್ನು ಕಂಡರು. 1908ರ ನೊಬೆಲ್ ಪ್ರಶಸ್ತಿಯನ್ನು ಅವರು ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಅವರೊಂದಿಗೆ ಹಂಚಿಕೊಂಡರು.

ಆದರೆ ಈ ರಕ್ಷಣೆಗೂ ಮಿತಿಯಿದೆ. ಕೀವನ್ನು ಹಿಸುಕಬೇಡಿ, ಸೋಂಕು ಒಳಕ್ಕೆ ಹರಡಬಹುದು. ಕೆಂಪು ಹರಡುತ್ತ ಹೋದರೆ, ಕೈ ಮೇಲಕ್ಕೆ ಕೆಂಪು ಗೆರೆ ಮೂಡಿದರೆ, ಚಳಿಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಧನುರ್ವಾಯುವಿನ ವಿಷವನ್ನು ನ್ಯೂಟ್ರೋಫಿಲ್‌ಗಳು ತಡೆಯಲಾರವು, ಅದಕ್ಕೆ ಲಸಿಕೆಯಿಂದ ದೊರೆಯುವ ಪ್ರತಿಕಾಯಗಳೇ ಬೇಕು. ಆದ್ದರಿಂದ ನೀವು ಕಳೆದ ಬಾರಿ ಆ ಚುಚ್ಚುಮದ್ದು ಪಡೆದದ್ದು ಯಾವಾಗ ಎಂಬುದನ್ನೂ ವೈದ್ಯರಿಗೆ ತಿಳಿಸಿರಿ.